ಹದಿನಾಲ್ಕನೇ ಫಾರಂ

ಅಕ್ಕನ ಕಣ್ಣು ಪೂರ್ತಿ ಮಂಜಾದ ಎರಡನೆಯ ವರ್ಷ, ನಮ್ಮ ಬೀದಿಯ ತುದಿಯಲ್ಲಿರುವ ಗ್ರಂಥಾಲಯದವರು ‘ಚಳಿಗಾಲದ ಓದು’ ಎಂಬ ಪಂದ್ಯ ಶುರುಮಾಡಿದರು. ಮೂರು ತಿಂಗಳಲ್ಲಿ ಹನ್ನೆರಡು ಪುಸ್ತಕ ಓದಬೇಕು. ಓದಿದ ಒಂದೊಂದಕ್ಕೂ ಅಂಗೈಯಗಲದ ಚೀಟಿಯಲ್ಲಿ ವಿಮರ್ಶೆ ಬರೆದುಕೊಡಬೇಕು. ಅದನ್ನು ಬಾಗಿಲ ಪಕ್ಕದ ಹಲಗೆಗೆ ಚುಚ್ಚುತ್ತಾರೆ, ಬಂದವರೆಲ್ಲ ನೋಡುತ್ತಾರೆ. ಹನ್ನೆರಡೂ ಮುಗಿಸಿದವರಿಗೆ ಬಹುಮಾನ ಒಂದು ಮೇಜಿನ ದೀಪ. ಕಣ್ಣು ಕಾಣದ ಅಕ್ಕ ಆ ಪಂದ್ಯಕ್ಕೆ ಸೇರುತ್ತೇನೆಂದು ಹಟ ಹಿಡಿದಾಗ ನಾನು, “ದೀಪ ತಗೊಂಡು ಏನ್ ಮಾಡ್ತೀಯೇ?” ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಅಂಥದ್ದು.

“ನಿನ್ನ ಮುಖಕ್ಕೆ ಹಿಡೀತೀನಿ. ಓದುವಾಗ ನಿದ್ದೆ ಮಾಡ್ದೆ ಇರ್ಲಿ ಅಂತ,” ಎಂದಳು ಅಕ್ಕ.

ಎರಡು ವರ್ಷದಲ್ಲಿ ಅವಳು ತಾನಾಗಿ ಬೇಕೆಂದು ಕೇಳಿದ ಮೊದಲ ಸಂಗತಿ ಅದು. ಕಣ್ಣಿನ ನರ ಸೊರಗಿದೆ, ಇನ್ನು ಏನೂ ಮಾಡುವಂತಿಲ್ಲ ಎಂದು ವೈದ್ಯರು ಹೇಳಿದ ಮೇಲೆ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತವಳು ಕೂತೇ ಇದ್ದಳು. ಹಾಗಾಗಿ ನಾನು ಗೊಣಗಿದರೂ ಒಪ್ಪಿಕೊಂಡೆ. ಕೇಳಿಸಿಕೊಂಡದ್ದನ್ನು ಓದಿದ್ದು ಎಂದು ಒಪ್ಪಬಹುದೇ ಎಂದು ಗ್ರಂಥಪಾಲಕಿ ಎರಡು ದಿನ ಯೋಚಿಸಿ, ಕೊನೆಗೆ ಒಂದು ಷರತ್ತು ಹಾಕಿದಳು. ಪ್ರತಿ ಚೀಟಿಯ ಕೆಳಗೂ ‘ಪೂರ್ತಿ ಓದಿ ಹೇಳಲಾಗಿದೆ’ ಎಂದು ಬರೆದು ನಾನು ರುಜು ಹಾಕಬೇಕು. ಇಷ್ಟೇ ತಾನೆ ಎಂದುಕೊಂಡೆ. ಗಟ್ಟಿಯಾಗಿ ಓದಿಯೇ ಹೊಟ್ಟೆ ಹೊರೆದವಳು ನಾನು.

ನಾವಿಬ್ಬರೂ ಮೂವತ್ತೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅದು ಜೋಡಿ ಕೆಲಸ. ಒಬ್ಬರು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾಗಿ ಬಂದ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯಬೇಕು. ಓದುವವರು ಕಾಮಾ, ಫುಲ್‌ಸ್ಟಾಪು, ಹೊಸ ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ‘ಮಳೆ ನಿಂತಿತು ಫುಲ್‌ಸ್ಟಾಪು. ಅವನು ಕೊಡೆ ಮಡಚಿ ಕಾಮಾ ಒಳಗೆ ಬಂದ ಫುಲ್‌ಸ್ಟಾಪು.’ ಹೊರಗಿನಿಂದ ಬಂದವರಿಗೆ ಇಬ್ಬರು ಹುಚ್ಚಿಯರು ಕೂತಂತೆ ಕಾಣುತ್ತಿತ್ತು. ಓದುವವಳು ನಾನು, ಹಿಡಿಯುವವಳು ಅಕ್ಕ. ಓದುವವರಿಗೆ ಇದ್ದದ್ದು ಒಂದೇ ನಿಯಮ, ಅದನ್ನು ಅಕ್ಕ ಮೊದಲ ದಿನವೇ ನನ್ನ ತಲೆಗೆ ಹೊಡೆದು ಕೂರಿಸಿದ್ದಳು. ಎದುರಿಗೆ ಏನಿದೆಯೋ ಅದನ್ನೇ ಓದಬೇಕು. ತಪ್ಪಿದ್ದರೆ ತಪ್ಪನ್ನೇ ಓದಬೇಕು. ಓದುವವಳೇ ಸರಿಮಾಡಿ ಓದಿದರೆ ಮೂಲದ್ದು ಯಾವುದು, ನಮ್ಮದು ಯಾವುದು ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಮುದ್ರಣಾಲಯದಲ್ಲಿ ಅಕ್ಕನಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅವಳ ಕಣ್ಣು ತಪ್ಪಿಸಿ ಒಂದು ಒತ್ತು, ಒಂದು ಸೊನ್ನೆ ಆಚೆ ಹೋದದ್ದಿಲ್ಲ. ಗ್ರಂಥಾಲಯದ ಚೀಟಿಗಳಲ್ಲೂ ಅದೇ ಭೂತಗನ್ನಡಿ. ಮೊದಲ ಪುಸ್ತಕಕ್ಕೆ ಅವಳು ಹೇಳಿ ಬರೆಸಿದ್ದು ಇಷ್ಟು: ‘ನಲವತ್ತನೇ ಪುಟದಲ್ಲಿ ಮಾವ ಎಡಗೈಯವನು. ತೊಂಬತ್ತರಲ್ಲಿ ಬಲಗೈಯಲ್ಲಿ ಪತ್ರ ಬರೆಯುತ್ತಾನೆ. ಉಳಿದಂತೆ ಪರವಾಗಿಲ್ಲ.’ ಮೂರನೆಯದಕ್ಕೆ: ‘ಈ ಕಥೆ ನೂರು ಪುಟದ್ದು. ಮುನ್ನೂರು ಪುಟ ಬರೆದಿದ್ದಾರೆ.’ ಜನ ಪುಸ್ತಕ ಬಿಟ್ಟು ಅವಳ ಚೀಟಿ ಓದಲು ಬರತೊಡಗಿದರು. ಗ್ರಂಥಪಾಲಕಿ ಅದನ್ನು ಹೇಳಿದ ದಿನ ಮನೆಗೆ ಬರುವಾಗ ನನ್ನ ತೋಳು ಹಿಡಿದ ಅವಳ ನಡಿಗೆಯಲ್ಲಿ ಹಳೆಯ ಬಿರುಸಿತ್ತು. ನನಗೆ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಒಂಬತ್ತನೆಯ ಪುಸ್ತಕ ತಂದದ್ದೂ ನಾನೇ. ರಟ್ಟು ಗಟ್ಟಿಯಿತ್ತು, ಅಕ್ಷರ ದೊಡ್ಡದಿತ್ತು, ಅಷ್ಟೇ ನೋಡಿ ಎತ್ತಿಕೊಂಡೆ. ಬಂದರೊಂದರಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸು ಮತ್ತು ಅವಳ ಒಬ್ಬಳೇ ಮಗಳ ಕಥೆ. ಮಗಳಿಗೆ ಹಡಗಿನ ಮೇಲೆ ಕೆಲಸ ಮಾಡಬೇಕೆಂಬ ಆಸೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದೊಂದು ಗಂಟೆ ಓದುತ್ತಿದ್ದೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೇಳುತ್ತಿದ್ದಳು. ಒಂದು ದಿನ ಆ ಹುಡುಗಿಗೆ ಜ್ವರ ಬಂತು.

ಕರಡು ಓದಿದವರ ಕಣ್ಣು ಬಾಯಿಗಿಂತ ಹತ್ತು ಸಾಲು ಮುಂದಿರುತ್ತದೆ. ಬಾಯಿ ಇನ್ನೂ ಹಣೆಯ ಮೇಲಿನ ಒದ್ದೆ ಬಟ್ಟೆಯಲ್ಲಿರುವಾಗಲೇ ಕಣ್ಣು ಇನ್ನೂರ ಹನ್ನೆರಡನೆಯ ಪುಟದ ನಡುವಿಗೆ ಹೋಗಿ ನಿಂತಿತು. ಹುಡುಗಿ ಸಾಯುತ್ತಾಳೆ.

ಇಲ್ಲಿ ಗುಬ್ಬಿಯ ವಿಷಯ ಹೇಳಬೇಕು. ಗುಬ್ಬಿ ಅಕ್ಕನ ಮಗಳು. ಭಾವ ಬೇಗ ಹೋದರು. ಗುಬ್ಬಿಯನ್ನು ನಾವಿಬ್ಬರೇ ಬೆಳೆಸಿದೆವು. ಒಂದೇ ತಟ್ಟೆಯಲ್ಲಿ ನನ್ನ ಜೊತೆ ಉಂಡು, ನನ್ನ ಸೆರಗಿಗೇ ಕೈ ಒರೆಸಿ ಓಡುತ್ತಿದ್ದ ಹುಡುಗಿ. ಹತ್ತೊಂಬತ್ತನೆಯ ವಯಸ್ಸಿಗೆ ಜ್ವರ ಬಂದು, ರಕ್ತಕ್ಕೆ ಏರಿ, ಒಂಬತ್ತನೆಯ ದಿನ ಹೋಯಿತು ಮಗು. ಹನ್ನೊಂದು ವರ್ಷವಾಯಿತು. ಅಕ್ಕ ಅದಾದ ಆರನೆಯ ದಿನ ಕೆಲಸಕ್ಕೆ ವಾಪಸು ಬಂದು ಕರಡಿನ ಮುಂದೆ ಕೂತಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಮಾತು ಎತ್ತಿದವರಿಲ್ಲ. ಬಂದ ನೆಂಟರೂ ಅಕ್ಕ ಒಳಗೆ ಬಂದ ಕೂಡಲೇ ಮಾತು ಬದಲಿಸುತ್ತಿದ್ದರು.

ಹಾಗಾಗಿ, ಅಕ್ಕನ ಮುಖ ಕಿಟಕಿಯ ಬೆಳಕಿನಲ್ಲಿ ಹಾಗೆ ಕೇಳುತ್ತ ಕೂತಿರುವಾಗ, ನನ್ನ ಬಾಯಿ ತಾನಾಗಿ ಹೇಳಿತು: “ಬೆಳಗಿನ ಹೊತ್ತಿಗೆ ಜ್ವರ ಇಳಿದಿತ್ತು.”

ಹೇಳಿದ ಮೇಲೆ ಹಿಂದಕ್ಕೆ ಹೋಗುವ ದಾರಿಯಿರಲಿಲ್ಲ. ಇನ್ನೂ ನಲವತ್ತನಾಲ್ಕು ಪುಟ ಉಳಿದಿತ್ತು. ಮೂರು ಮಧ್ಯಾಹ್ನ ನಾನು ಪುಟ ಮಗುಚುತ್ತ, ಅಲ್ಲಿಲ್ಲದ ಕಥೆ ಓದಿದೆ. ಹುಡುಗಿಯನ್ನು ಎಬ್ಬಿಸಿ ಕೂರಿಸಿದೆ, ಗಂಜಿ ಕುಡಿಸಿದೆ, ಹಡಗಿಗೆ ಹತ್ತಿಸಿದೆ, ಅಲ್ಲಿಂದ ಅಮ್ಮನಿಗೆ ನಾಲ್ಕು ಪತ್ರ ಬರೆಸಿದೆ. ಕಾಮಾ ಫುಲ್‌ಸ್ಟಾಪು ಹಾಕುವುದನ್ನು ಬಿಟ್ಟು ಬೇರೆ ಗೊತ್ತಿಲ್ಲದ ನಾನು ಕಾದಂಬರಿ ಕಟ್ಟಿದೆ. ಮುಗಿದ ದಿನ ಅಕ್ಕ, “ಕೊನೆ ಕೊನೇಲಿ ಭಾಷೆ ಸ್ವಲ್ಪ ಸಡಿಲ ಆಯ್ತು. ಪರವಾಗಿಲ್ಲ,” ಎಂದಳು. ಆಮೇಲೆ, “ಚೀಟಿ ತಗೋ,” ಎಂದಳು.

‘ಈ ಹುಡುಗಿಯನ್ನು ಸಾಯಿಸುವುದು ಸುಲಭವಿತ್ತು. ಲೇಖಕರು ಸಾಯಿಸಿಲ್ಲ. ಜ್ವರ ಬಂದವರು ಏಳುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಪತ್ರ ಬರೆಯುತ್ತಾರೆ ಎಂದು ಗೊತ್ತಿರುವವರು. ಈ ಪುಸ್ತಕದಲ್ಲಿ ನನಗೆ ತಪ್ಪು ಸಿಗಲಿಲ್ಲ.’

ಬರೆದುಕೊಂಡೆ, ರುಜು ಹಾಕುವ ಜಾಗ ಮಾತ್ರ ಖಾಲಿ ಬಿಟ್ಟೆ. ಆದರೆ ಅವಳ ಮುಖ ನೋಡಿದೆ. ಹನ್ನೊಂದು ವರ್ಷದಲ್ಲಿ ಆ ಮುಖ ಅಷ್ಟು ಹಗುರವಾದದ್ದನ್ನು ನಾನು ಕಂಡಿರಲಿಲ್ಲ. ಹಾಳಾಗಿ ಹೋಗಲಿ ನಿಯಮ ಎಂದುಕೊಂಡು ಕೆಳಗೆ ರುಜು ಹಾಕಿದೆ. ಚೀಟಿ ಹಲಗೆಯ ಮೇಲೆ ಹೋಯಿತು.

ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತನೆಯ ಪುಸ್ತಕದ ಚೀಟಿ ಕೊಡಲು ಇಬ್ಬರೂ ಹೋದೆವು. ಗ್ರಂಥಪಾಲಕಿ ನಮ್ಮನ್ನು ಹಲಗೆಯ ಹತ್ತಿರ ಬಿಡದೆ ತನ್ನ ಮೇಜಿನ ಬಳಿ ಕೂರಿಸಿದಳು. ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು. ನಿವೃತ್ತರಾಗಿ ಹದಿನೈದು ವರ್ಷವಾದರೂ ಜೇಬಿನಲ್ಲಿ ಕೆಂಪು ಪೆನ್ನು ಇಟ್ಟುಕೊಂಡು ಓಡಾಡುವ ಲೆಕ್ಕದ ಮೇಷ್ಟ್ರು, ಪಂದ್ಯದಲ್ಲಿ ಅಕ್ಕನಿಗಿಂತ ಒಂದು ಪುಸ್ತಕ ಮುಂದಿದ್ದವರು. ಅವರ ಗಂಟುಮುಖ ನೋಡಿದ ಕೂಡಲೇ ನನಗೆ ವಿಷಯ ಗೊತ್ತಾಯಿತು.

“ಅಮ್ಮಾ, ತಪ್ಪು ತಿಳ್ಕೋಬೇಡಿ,” ಎಂದಳು ಗ್ರಂಥಪಾಲಕಿ. “ನಿಮ್ಮ ಒಂಬತ್ತನೇ ಚೀಟಿ ನೋಡಿ ಇವರು ಆ ಪುಸ್ತಕ ತಗೊಂಡ್ ಹೋಗಿದ್ರು. ಅದ್ರಲ್ಲಿ... ಹುಡುಗಿ ಬದುಕಲ್ಲ ಅಂತೆ.”

“ಇನ್ನೂರ ಹನ್ನೆರಡನೇ ಪುಟ,” ಎಂದರು ಮೇಷ್ಟ್ರು. “ನಾನೇನೂ ಜಗಳಕ್ಕೆ ಬಂದಿಲ್ಲ ತಾಯಿ. ನಿಮ್ಮ ಚೀಟಿ ನಂಬಿ ನನ್ನ ಮೊಮ್ಮಗಳಿಗೆ ಅಂತ ತಗೊಂಡೆ. ಅವಳಿಗೆ ಮೈ ಚೆನ್ನಾಗಿಲ್ಲ. ಅದಕ್ಕೇ ಕೇಳ್ತಿದೀನಿ.”

ಆ ಕ್ಷಣವೇ ಬಾಯಿ ಬಿಡಬೇಕಿತ್ತು. ಎಲ್ಲರ ಮೇಲೂ ಎಗರಿ ಬೀಳುವ ನನ್ನ ನಾಲಿಗೆ ಅವತ್ತು ಅಂಗುಳಕ್ಕೆ ಅಂಟಿಕೊಂಡಿತು.

ಅಕ್ಕ ಗಾಬರಿಯಾಗಲಿಲ್ಲ. ಅವಳಿಗೆ ಸಂಶಯವೇ ಬರಲಿಲ್ಲ, ಅದೇ ನನ್ನನ್ನು ಕೊಂದದ್ದು. ಮೆಲ್ಲಗೆ ನಕ್ಕಳು. “ಫಾರಂ ಬಿಟ್ಟು ಹೋಗಿರತ್ತೆ,” ಎಂದಳು. “ಪುಸ್ತಕವನ್ನ ಹದಿನಾರು ಹದಿನಾರು ಪುಟ ಒಂದೊಂದು ಕಟ್ಟು ಮಾಡಿ ಹೊಲೀತಾರಮ್ಮ. ಆ ಕಟ್ಟಿಗೆ ಫಾರಂ ಅಂತೀವಿ. ಹೊಲಿಯೋವಾಗ ಒಂದು ಜಾರಿ ಹೋದ್ರೆ, ಇಲ್ಲಾ ಬೇರೆ ಪುಸ್ತಕದ್ದು ಬಂದು ಸೇರ್ಕೊಂಡ್ರೆ, ಕಥೆ ಏನೇನೋ ಆಗತ್ತೆ. ನಾವು ಓದಿದ ಪ್ರತಿ ಬೇರೆ, ಇವರು ಓದಿದ್ದು ಬೇರೆ ಇರ್ಬೇಕು.”

“ಇರೋದು ಒಂದೇ ಪ್ರತಿ ಅಮ್ಮ,” ಎಂದಳು ಗ್ರಂಥಪಾಲಕಿ.

“ಹಾಗಾದ್ರೆ ಇಲ್ಲಿ ಕೊಡಿ.”

ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟರು. ಅಕ್ಕ ಅದರ ಬೆನ್ನನ್ನು ಎರಡೂ ಕೈಯಲ್ಲಿ ಬಾಗಿಸಿ, ರಟ್ಟಿಗೂ ಕಾಗದಕ್ಕೂ ನಡುವೆ ಮೇಲ್ತುದಿಯಲ್ಲಿ ಬಿಚ್ಚಿಕೊಳ್ಳುವ ಸಂದಿಗೆ ಹೆಬ್ಬೆರಳ ಉಗುರು ಇಟ್ಟಳು. ಅಲ್ಲಿ ಒಂದೊಂದು ಫಾರಮಿನ ಮಡಿಕೆ ಒಂದೊಂದು ಸಣ್ಣ ಏಣಾಗಿ ಸಿಗುತ್ತದೆ. ಎಣಿಸತೊಡಗಿದಳು. ತುಟಿ ಅಲುಗುತ್ತಿತ್ತು. ಹದಿನಾರಕ್ಕೆ ಉಗುರು ಆಚೆಯ ರಟ್ಟಿಗೆ ತಾಗಿತು.

“ಕೊನೇ ಪುಟದ ನಂಬರ್ ಎಷ್ಟು?”

“ಇನ್ನೂರ ಐವತ್ತಾರು,” ಎಂದರು ಮೇಷ್ಟ್ರು. ಹದಿನಾರನ್ನು ಹದಿನಾರರಿಂದ ಗುಣಿಸಿದರೆ ಎಷ್ಟೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ; ಒಂದು ಫಾರಮೂ ಬಿಟ್ಟುಹೋಗಿರಲಿಲ್ಲ. ಅವರು ಮುಖ ಆಚೆ ತಿರುಗಿಸಿದರು.

ಅಕ್ಕ ಇನ್ನೊಮ್ಮೆ ಎಣಿಸಿದಳು. ಈ ಸಲ ಹದಿನಾಲ್ಕನೆಯ ಏಣಿನ ಮೇಲೆ ಉಗುರು ನಿಲ್ಲಿಸಿ, ಅಲ್ಲಿಗೆ ಪುಸ್ತಕ ಬಿಡಿಸಿ, ಫಾರಮಿನ ನಡುವೆ ಇರುವ ಹೊಲಿಗೆಯ ದಾರವನ್ನು ಮೇಲಿಂದ ಕೆಳಗಿನ ತನಕ ಬೆರಳಲ್ಲಿ ಸವರಿದಳು. ದಾರ ಬಿಗಿಯಾಗಿತ್ತು. ಒಂದು ಹಾಳೆಯೂ ಹರಿದಿರಲಿಲ್ಲ. ಅವಳ ಬೆರಳು ನಿಂತಿತು. ಮುಖದ ನಗು ಒಂದು ಕಡೆಯಿಂದ ಆರುತ್ತ ಹೋದದ್ದನ್ನು ನಾನು ನೋಡಿದೆ. ನನ್ನ ಕಡೆ ತಿರುಗಲಿಲ್ಲ.

“ಮೇಷ್ಟ್ರೇ, ನಿಮ್ಮ ಮೊಮ್ಮಗಳು ಇದನ್ನ ಓದಿದ್ಲಾ?”

“ಇಲ್ಲ ತಾಯಿ. ಮೊದಲು ನಾನೇ ಓದಿದೆ.”

“ಒಳ್ಳೇದಾಯ್ತು. ತಪ್ಪು ನಮ್ಮ ಕಡೇದು. ಕ್ಷಮಿಸಿ.” ಗ್ರಂಥಪಾಲಕಿಗೆ, “ಆ ಚೀಟಿ ತೆಗೆದು ಕೊಟ್ಬಿಡಮ್ಮ. ಪುಸ್ತಕಾನೂ ಇನ್ನೊಂದು ಸಲ ಕೊಡು,” ಎಂದಳು. ಮೂವತ್ತೊಂದು ವರ್ಷದಲ್ಲಿ ಅಕ್ಕ ‘ತಪ್ಪು ನಮ್ಮ ಕಡೆಯದು’ ಎಂದು ಯಾರಿಗೂ ಹೇಳಿದ್ದಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ.

ದಾರಿಯಲ್ಲಿ ಅವಳು ನನ್ನ ತೋಳು ಹಿಡಿಯಲಿಲ್ಲ. ಗೋಡೆ ಸವರಿಕೊಂಡು ನಡೆದಳು. ಎರಡು ಸಲ ಎಡವಿದಳು. ಕೈ ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಮನೆಗೆ ಬಂದು ಕುರ್ಚಿಯಲ್ಲಿ ಕೂತು, ಪುಸ್ತಕವನ್ನು ನಾನಿದ್ದ ಕಡೆಗೆ ಚಾಚಿದಳು.

“ಓದು.”

“ಅಕ್ಕ, ನಿನಗೋಸ್ಕರಾನೇ ಮಾಡಿದ್ದು ನಾನು.”

“ಓದು ಅಂದೆ. ಇನ್ನೂರ ಹನ್ನೊಂದರಿಂದ. ಪ್ರೆಸ್ಸಲ್ಲಿ ಓದ್ತಿದ್ದ ಹಾಗೆ ಓದು.”

“ಅಂದ್ರೆ?”

“ಕಾಮಾ, ಫುಲ್‌ಸ್ಟಾಪು ಎಲ್ಲಾ ಹೇಳಿ ಓದು. ಏನೂ ಬಿಟ್ಟಿಲ್ಲ ಅಂತ ನನಗೆ ಗೊತ್ತಾಗ್ಬೇಕು.”

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಮಗು ಸಾಯುವುದನ್ನು ಕಾಮಾ ಹೇಳಿ ಓದು ಎನ್ನುವವಳು ಎಂಥ ಕಲ್ಲು ಎಂದು ಒಳಗೊಳಗೇ ಬೈದುಕೊಂಡೆ. ಆದರೂ ಕೂತೆ. ಓದಿದೆ. “ಹಣೆಯ ಮೇಲಿನ ಬಟ್ಟೆ ಕಾಮಾ ಈಗತಾನೆ ಹಿಂಡಿ ಹಾಕಿದ್ದರೂ ಕಾಮಾ ಒಣಗಿಹೋಗಿತ್ತು ಫುಲ್‌ಸ್ಟಾಪು.” ಒಂದು ಪುಟ ಹೀಗೇ ಹೋಯಿತು. ವಿರಾಮ ಚಿಹ್ನೆಗಳನ್ನು ಹಿಡಿದುಕೊಂಡು ನಾನು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ಇನ್ನೂರ ಹನ್ನೆರಡು ಬಂತು. ಹದಿನೆಂಟನೆಯ ಸಾಲು.

“ಹೊಸ ಪ್ಯಾರಾ. ಮಧ್ಯಾಹ್ನದ ಹೊತ್ತು ಕಾಮಾ ಅಮ್ಮ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿರುವಾಗ ಕಾಮಾ ಹುಡುಗಿ ಯಾರನ್ನೂ ಕರೆಯದೆ ಕಾಮಾ ಯಾರಿಗೂ ತೊಂದರೆ ಕೊಡದೆ ಕಾಮಾ ನಿದ್ದೆಯಲ್ಲೇ ಹೋಗಿಬಿಟ್ಟಳು ಫುಲ್‌ಸ್ಟಾಪು.”

ನಿಲ್ಲಿಸಿದೆ. ಅಕ್ಕ ಅಳಲಿಲ್ಲ. ಕರಡಿನ ಮೇಲೆ ತಪ್ಪು ಕಂಡಾಗ ಮಾಡುತ್ತಿದ್ದಂತೆ ತಲೆಯನ್ನು ಒಂದು ಕಡೆ ವಾಲಿಸಿದಳು.

“ಯಾರನ್ನೂ ಕರೀದೆ, ನಿದ್ದೇಲೇ,” ಎಂದಳು. “ಗುಬ್ಬಿ ಹೋದಾಗ ನೀನೂ ಇದೇ ಮಾತು ಹೇಳಿದ್ದೆ.”

ನಾನು ಪುಸ್ತಕದಿಂದ ಕಣ್ಣೆತ್ತಿದೆ.

“ಇದನ್ನ ಓದಕ್ಕೆ ಹೆದರಿ ನಲವತ್ತು ಪುಟ ಕಥೆ ಕಟ್ಟಿದೆಯಲ್ಲ, ಅವತ್ತು ಏನ್ ಕಟ್ಟಿದ್ದೆ?”

ಅವತ್ತು ಅಕ್ಕ ಆಸ್ಪತ್ರೆಯಲ್ಲಿರಲಿಲ್ಲ. ಎಂಟು ದಿನ ಹಾಸಿಗೆ ಬಿಟ್ಟು ಅಲುಗದವಳು, ಇವತ್ತು ಪರವಾಗಿಲ್ಲ ಎಂದು ವೈದ್ಯರು ಹೇಳಿದ್ದರಿಂದ, ಒಂದು ಗಂಟೆಯ ಮಟ್ಟಿಗೆ ಮುದ್ರಣಾಲಯಕ್ಕೆ ಹೋಗಿದ್ದಳು. ಪುಸ್ತಕವೊಂದರ ಕೊನೆಯ ಫಾರಂ ಅವಳ ರುಜುವಿಗೆ ಕಾಯುತ್ತಿತ್ತು. ಹೋಗು, ನಾನಿದ್ದೀನಲ್ಲ ಎಂದು ಕಳಿಸಿದವಳೂ ನಾನೇ. ಅವಳು ವಾಪಸು ಬರುವಾಗ ಬೆರಳಿಗೆ ಇನ್ನೂ ಮಸಿಯಿತ್ತು. ಎಲ್ಲ ಮುಗಿದಿತ್ತು. ಅವಳು ಕೇಳಿದ್ದು ಒಂದೇ ಮಾತು, ‘ಏನಾದ್ರೂ ಅಂದ್ಲಾ?’ ನಾನು ಆ ಬೆರಳು ನೋಡಿದೆ, ಆ ಮುಖ ನೋಡಿದೆ. ‘ಇಲ್ಲ ಅಕ್ಕ. ಯಾರನ್ನೂ ಕರೀಲಿಲ್ಲ. ನಿದ್ದೇಲೇ ಹೋದ್ಲು’ ಎಂದೆ. ನಿಜ ಹೇಳಿದರೆ ಆ ಒಂದು ಗಂಟೆಗಾಗಿ ಅವಳು ಜೀವಮಾನವೆಲ್ಲ ಕೊರಗಿ ಸಾಯುತ್ತಾಳೆ ಅನ್ನಿಸಿತ್ತು. ಹನ್ನೊಂದು ವರ್ಷವೂ ನಾನು ಮಾಡಿದ್ದು ಸರಿ ಎಂದೇ ನಂಬಿದ್ದೆ.

“ನನಗೆ ಗೊತ್ತಾಗ್ಬೇಕು ಕಣೇ,” ಎಂದಳು ಅಕ್ಕ. ದನಿ ಏರಿರಲಿಲ್ಲ. “ನಾನು ಬಂದ ತಕ್ಷಣ ಎಲ್ಲರೂ ಆ ಪುಟ ಮಗುಚಿಬಿಡ್ತಾರೆ. ನೀನಾದ್ರೂ ಇದ್ದದ್ದನ್ನ ಇದ್ದ ಹಾಗೆ ಓದ್ತೀಯ ಅಂತ ನಂಬಿದ್ದೆ. ಓದು. ಬಿಡದೆ ಓದು.”

ಪುಸ್ತಕ ಮಡಚಿ ಕೆಳಗಿಟ್ಟೆ. ಹೇಳಿದೆ.

“ಎಚ್ಚರವಾಗೇ ಇದ್ಲು. ನೀನು ಹೋಗಿ ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು, ಅಮ್ಮ ಎಲ್ಲಿ ಚಿಕ್ಕಮ್ಮ ಅಂದ್ಲು. ಈಗ ಬರ್ತಾಳೆ ಅಂದೆ. ಆಮೇಲೆ ಉಸಿರು ಕಷ್ಟ ಆಯ್ತು. ಎಲ್ಲರೂ ಓಡಿ ಬಂದ್ರು, ಏನೇನೋ ಹಾಕಿದ್ರು. ಅದರ ಮಧ್ಯಾನೂ ಬಾಗಿಲು ನೋಡ್ತಿದ್ಲು. ಅಮ್ಮ ಬಂದ್ಲಾ ಅಂದ್ಲು. ಇಲ್ಲ ಪುಟ್ಟಾ, ದಾರೀಲಿದ್ದಾಳೆ ಅಂದೆ. ನನಗೆ ನಿದ್ದೆ ಬರ್ತಿದೆ, ಅಮ್ಮ ಬರೋವರ್ಗೂ ಮಲಗಲ್ಲ, ಮಲಗಿದ್ರೆ ಎಬ್ಬಿಸು ಅಂದ್ಲು. ನಾನು ಕೆನ್ನೆ ತಟ್ತಾನೇ ಇದ್ದೆ ಅಕ್ಕ. ಕೊನೇಗೆ ಒಂದು ಸಲ, ಅಮ್ಮಾ, ಅಂದ್ಲು. ಅಷ್ಟೇ. ಅದು ಕರೆದಿದ್ದೋ, ನಾನೇ ನೀನು ಅಂದ್ಕೊಂಡಿದ್ದೋ, ನನಗೆ ಗೊತ್ತಾಗ್ಲಿಲ್ಲ.”

ಹೇಳಿ ಮುಗಿಸಿ, ಇನ್ನು ಅಕ್ಕ ಒಡೆದುಹೋಗುತ್ತಾಳೆ ಎಂದು ಕಾದೆ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು.

“ಎಷ್ಟು ಸಲ ಕೇಳಿದ್ಲು ಅಂದೆ?”

“ಕೊನೇದೂ ಸೇರಿ ಮೂರು ಸಲ.”

“ಮೂರು ಸಲ,” ಎಂದಳು ಅಕ್ಕ. “ಹನ್ನೊಂದು ವರ್ಷ ನಾನೇನ್ ಅಂದ್ಕೊಂಡಿದ್ದೆ ಗೊತ್ತಾ? ಹೋಗೋವಾಗ ನನ್ನ ಮಗೂಗೆ ನನ್ನ ನೆನಪೇ ಆಗ್ಲಿಲ್ಲ ಅಂದ್ಕೊಂಡಿದ್ದೆ. ಕೆಲಸ ಕೆಲಸ ಅಂತ ಓಡಾಡಿದವಳು ನಾನು, ನನ್ನ ಯಾಕೆ ಕರೀತಾಳೆ ಅಂದ್ಕೊಂಡಿದ್ದೆ. ಕೇಳಿದ್ಲೇನೇ ನನ್ನ? ಮೂರು ಸಲ ಕೇಳಿದ್ಲೇನೇ?”

“ಕೇಳಿದ್ಲು ಅಕ್ಕ.”

ಆಗ ಅತ್ತಳು. ಗುಬ್ಬಿ ಹೋದ ದಿನವೂ ಅಳದ ಅಳು ಅದು. ನಾನು ಅವಳ ಕಾಲ ಬಳಿ ಕೂತು ಅತ್ತೆ. ಅವಳಿಗೆ ನೋವಾಗದಿರಲೆಂದು ನಾನು ಬಚ್ಚಿಟ್ಟದ್ದು ಅವಳ ಪಾಲಿಗೆ ಉಳಿದಿದ್ದ ಒಂದೇ ಒಂದು ಆಸ್ತಿಯಾಗಿತ್ತು. ಹನ್ನೊಂದು ವರ್ಷ ಅದನ್ನು ನನ್ನ ಹತ್ತಿರ ಇಟ್ಟುಕೊಂಡು ಅವಳನ್ನು ಬರಿಗೈಯಲ್ಲಿ ಕೂರಿಸಿದ್ದೆ. ಕ್ಷಮಿಸು ಎಂದೆ. ಅವಳು ಕ್ಷಮಿಸಿದೆ ಎನ್ನಲಿಲ್ಲ. ಕೈಯನ್ನು ನನ್ನ ತಲೆಯ ಮೇಲಿಟ್ಟು, “ಇನ್ನೊಂದು ಸಲ ಹೇಳು,” ಎಂದಳು. ಇನ್ನೊಂದು ಸಲ ಹೇಳಿದೆ. ಸಂಜೆಯ ತನಕ ನಾಲ್ಕು ಸಲ ಹೇಳಿದೆ, ಒಂದು ಮಾತೂ ಹೆಚ್ಚು ಕಡಿಮೆಯಾಗದಂತೆ.

ಮರುದಿನದಿಂದ ಪುಸ್ತಕದ ಉಳಿದ ಪುಟಗಳನ್ನು ಓದಿದೆ, ಇದ್ದದ್ದನ್ನು ಇದ್ದಂತೆ. ಮಗಳನ್ನು ಕಳೆದುಕೊಂಡ ದರ್ಜಿ ಹೆಂಗಸು ಹೇಗೋ ದಿನ ತಳ್ಳುವ ಕಥೆ ಅದು. ಮುಗಿದ ಮೇಲೆ ಅಕ್ಕ ಹೊಸ ಚೀಟಿ ತೆಗೆದುಕೊಳ್ಳಲು ಹೇಳಿದಳು. ಅವಳು ಹೇಳಿದ್ದನ್ನು ಕೇಳಿ ನಾನು ಪೆನ್ನು ನಿಲ್ಲಿಸಿದೆ.

“ಅಕ್ಕ, ಇದು ಪುಸ್ತಕದಲ್ಲಿಲ್ಲ. ಮೇಷ್ಟ್ರು ಮತ್ತೆ ಬರ್ತಾರೆ.”

“ಬರ್ಲಿ. ಬರಿ.”

ಬರೆದೆ.

‘ಪುಟ ೨೧೨, ಹದಿನೆಂಟನೇ ಸಾಲು. ಹುಡುಗಿ ಯಾರನ್ನೂ ಕರೆಯದೆ ಹೋದಳು ಎಂದಿದೆ. ಇದು ತಪ್ಪು. ಅವಳು ಅಮ್ಮನನ್ನು ಮೂರು ಸಲ ಕೇಳಿದಳು. ಲೇಖಕರು ಹತ್ತಿರ ಇದ್ದವರನ್ನು ವಿಚಾರಿಸಿ ತಿದ್ದಿಕೊಳ್ಳಬೇಕು.’